ಚೆಂಡಿನ ಜೊತೆಗೆ ಹೋಗಬೇಕಾದದ್ದು

ಮಾನ್ಯರೇ,

ಹೊಟ್ಟೆಗಿಲ್ಲದವರ ಊರಿಗೆ ಫುಟ್‌ಬಾಲ್ ಹೊತ್ತೊಯ್ಯುವುದು ಸರಿಯೇ ಎಂಬ ಪ್ರಶ್ನೆಯನ್ನು ಆಫ್ರಿಕಾದ ಹಳ್ಳಿಶಾಲೆಗಳಿಗೆ ಕ್ರೀಡಾ ಸಾಮಗ್ರಿ ಒಯ್ಯುವ ಸ್ವಯಂಸೇವಕರು ಒಂದಲ್ಲ ಒಂದು ದಿನ ಎದುರಿಸಲೇಬೇಕಾಗುತ್ತದೆ. ಅದನ್ನು ಎಲ್ಲರ ಕಣ್ಣೆದುರೇ ಎದುರಿಸಿದವರು ನಾರ್ವೆಯ ಸ್ಪೀಡ್ ಸ್ಕೇಟಿಂಗ್ ಪಟು ಯೋಹಾನ್ ಓಲಾವ್ ಕಾಸ್. ಮೂವತ್ತು ವರ್ಷಗಳ ಯುದ್ಧ ಮುಗಿಸಿ 1993ರಲ್ಲಿ ಸ್ವತಂತ್ರ ರಾಷ್ಟ್ರವಾದ ಎರಿಟ್ರಿಯಾಕ್ಕೆ ಅವರು ಒಲಿಂಪಿಕ್ ಏಡ್ ಎಂಬ ನೆರವು ಯೋಜನೆಯ ರಾಯಭಾರಿಯಾಗಿ ಹೋದಾಗ, ಅಲ್ಲಿನ ಹುಡುಗರು ಅಂಗಿಯೊಂದನ್ನು ಸುತ್ತಿ, ಅದರ ತೋಳುಗಳಿಂದಲೇ ಬಿಗಿದು, ಚೆಂಡು ಮಾಡಿಕೊಂಡು ಆಡುತ್ತಿದ್ದರು. ಅವರಲ್ಲೊಬ್ಬನಿಗೆ ಗೆಳೆಯರ ನಡುವೆ ಬಹಳ ಬೇಡಿಕೆಯಿತ್ತು. ಅವನ ಅಂಗಿಗೆ ಉದ್ದ ತೋಳಿದ್ದದ್ದೇ ಅದಕ್ಕೆ ಕಾರಣ.

ಮರುವರ್ಷ ಲಿಲ್ಲೆಹ್ಯಾಮರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಾಸ್ ಮೂರು ಚಿನ್ನ ಗೆದ್ದರು, ಮೂರನ್ನೂ ವಿಶ್ವದಾಖಲೆಯೊಂದಿಗೆ. ಆ ಜನಪ್ರಿಯತೆಯ ಬಲದಿಂದ ತಮ್ಮ ನಾಡಿನ ಮಕ್ಕಳಲ್ಲಿ ಆಟದ ಸಾಮಾನುಗಳನ್ನು ಬೇಡಿ, ಟನ್‌ಗಟ್ಟಲೆ ಸಾಮಗ್ರಿಯನ್ನು ವಿಮಾನದಲ್ಲಿ ಎರಿಟ್ರಿಯಾಕ್ಕೆ ಒಯ್ದರು. ಅನ್ನ ಬೇಕಾದ ಕಡೆ ಚೆಂಡು ಒಯ್ಯುತ್ತಿದ್ದಾರೆಂದು ಪತ್ರಿಕೆಗಳು ಟೀಕಿಸಿದವು. ಅಳುಕುತ್ತಲೇ ಎರಿಟ್ರಿಯಾದ ಅಧ್ಯಕ್ಷರನ್ನು ಕಂಡು ಕ್ಷಮೆ ಕೇಳಿದಾಗ, ಬದುಕಿಸಿಟ್ಟರೆ ಸಾಕಾದ ಜೀವಗಳೆಂದಲ್ಲ, ಮನುಷ್ಯರೆಂದು ನಮ್ಮನ್ನು ಕಂಡ ಕೊಡುಗೆಯಿದು ಎಂಬ ಅರ್ಥದ ಉತ್ತರ ಸಿಕ್ಕಿತೆಂದು ಕಾಸ್ ಅನೇಕ ಕಡೆ ಹೇಳಿಕೊಂಡಿದ್ದಾರೆ.

ಮನಸ್ಸಿಗೆ ನಾಟುವ ಉತ್ತರವೇ ಹೌದು. ಆದರೆ ಕೊಟ್ಟವರೆದುರು ಪಡೆದವರು ಆಡುವ ಮಾತನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳ ಮೇಲೆ ಆ ಚೆಂಡು ಎಲ್ಲಿದೆ ಎಂದು ಕೇಳಬೇಕು. ಹುಲ್ಲಿನ ಅಂಕಣಕ್ಕೆಂದು ಹೊಲಿದ ಚೆಂಡು ಗರಸು ಮಣ್ಣಿನ ಬಯಲಿನಲ್ಲಿ ಬೇಗ ಸವೆಯುತ್ತದೆ, ಜಾಲಿಯ ಜಾತಿಯ ಮರಗಳ ಮುಳ್ಳಿಗೆ ಒಳಗಿನ ಬ್ಲ್ಯಾಡರ್ ತೂತಾಗುತ್ತದೆ. ಲಗೇಜಿನಲ್ಲಿ ಜಾಗ ಉಳಿಸಲು ಗಾಳಿ ತೆಗೆದು ಮಡಚಿ ಒಯ್ದ ಚೆಂಡುಗಳಿಗೆ ಅಲ್ಲಿ ಗಾಳಿ ತುಂಬಬೇಕಾದಾಗ ಪಂಪಿನ ತುದಿಯ ಸೂಜಿ ಕಳೆದುಹೋಗಿದ್ದರೆ ಇಡೀ ಪೆಟ್ಟಿಗೆಯೇ ನಿರುಪಯೋಗಿ. ಕೆಲವೇ ರೂಪಾಯಿ ಬೆಲೆಯ ಆ ಸೂಜಿಯನ್ನು ದಾನಿಗಳ ಪಟ್ಟಿಯಲ್ಲಿ ಕಾಣುವುದು ಅಪರೂಪ, ಏಕೆಂದರೆ ಸೂಜಿ ಹಸ್ತಾಂತರಿಸುವ ಫೋಟೋ ಯಾರಿಗೂ ಬೇಕಿಲ್ಲ. ಪಂಪೇ ಬೇಡದ, ಮುಳ್ಳು ಚುಚ್ಚಿದರೂ ಕುಗ್ಗದ ಫೋಮ್ ಚೆಂಡನ್ನು ಅಮೆರಿಕದ ಟಿಮ್ ಯಾನಿಗನ್ ರೂಪಿಸಿದ್ದು ಈ ತೊಡಕಿಗೇ. ಸುಡಾನಿನ ದಾರ್ಫುರದ ನಿರಾಶ್ರಿತ ಮಕ್ಕಳು ಕಸದಿಂದ ಮಾಡಿದ ಚೆಂಡಿನಲ್ಲಿ ಆಡುತ್ತಿದ್ದ ದೃಶ್ಯ ಅವರಿಗೆ ಪ್ರೇರಣೆಯಾಗಿತ್ತು.

ಬೂಟುಗಳ ವಿಷಯ ಇನ್ನೂ ಸೂಕ್ಷ್ಮ. ಬರಿಗಾಲಿನಲ್ಲಿ ಆಡುವ ತಂಡದಲ್ಲಿ ನಾಲ್ವರಿಗೆ ಮಾತ್ರ ಮೊಳೆಯಡಿಯ ಬೂಟು ಸಿಕ್ಕರೆ ಉಳಿದವರ ಪಾದಗಳ ಗತಿ ಏನೆಂದು ಕೊಡುವ ಮೊದಲೇ ಯೋಚಿಸಬೇಕು.

ಯಾವ ಆಟದ ಸಾಮಾನು ಎಂಬುದನ್ನೂ ಕೇಳಿಯೇ ತಿಳಿಯಬೇಕು. ಫುಟ್‌ಬಾಲ್ ಒಯ್ದರೆ ಎಲ್ಲರಿಗೂ ಆಯಿತೆಂದು ಹೊರಗಿನವರು ಭಾವಿಸುತ್ತಾರೆ. ಆದರೆ ಮಲಾವಿಯಲ್ಲಿ ಹೆಣ್ಣುಮಕ್ಕಳ ಆಟವೆಂದರೆ ನೆಟ್‌ಬಾಲ್, ಬ್ಯಾಸ್ಕೆಟ್‌ಬಾಲಿನಂತೆ ಎತ್ತರದ ಬಳೆಯೊಳಗೆ ಚೆಂಡು ಹಾಕುವ ಆಟ. ಆ ಬಡ ದೇಶದ ಮಹಿಳಾ ತಂಡ 2015 ಮತ್ತು 2019ರ ವಿಶ್ವಕಪ್‌ಗಳಲ್ಲಿ ಆರನೇ ಸ್ಥಾನ ಪಡೆದಿತ್ತು. ಅಂಥಲ್ಲಿ ಫುಟ್‌ಬಾಲ್ ಮಾತ್ರ ಹಂಚಿದರೆ ಬಯಲನ್ನು ಹುಡುಗರ ಹೆಸರಿಗೆ ಬರೆದುಕೊಟ್ಟಂತೆಯೇ. ನೆಟ್‌ಬಾಲಿಗೆ ಬೇಕಾದ, 3.05 ಮೀಟರ್ ಎತ್ತರಕ್ಕೆ ನಿಲ್ಲಿಸುವ ಎರಡು ಕಬ್ಬಿಣದ ಬಳೆಗಳನ್ನು ಊರಿನ ಬೆಸುಗೆಯವನೇ ಮಾಡಿಕೊಡಬಲ್ಲ.

ಚೆಂಡು ಕೂಡ ಕೀನ್ಯಾದ ನೈರೋಬಿ, ಮಲಾವಿಯ ಲಿಲಾಂಗ್ವೆಗಳ ಅಂಗಡಿಗಳಲ್ಲಿ ಸಿಗುತ್ತದೆ. ಅಲ್ಲೇ ಕೊಂಡರೆ ವಿಮಾನದ ಸಾಗಣೆ ವೆಚ್ಚವೂ ಸುಂಕದವರ ಕಾಟವೂ ತಪ್ಪುತ್ತದೆ.

ಸ್ವತಃ ಒಲಿಂಪಿಕ್ ಏಡ್ ಕೂಡ ಸ್ಥಳೀಯರನ್ನೇ ನೆಚ್ಚುವ ದಾರಿಗೆ ಹೊರಳಿತು. ಹಣ, ಸಾಮಾನು ಸಂಗ್ರಹಿಸುವುದನ್ನಷ್ಟೇ ನೆಚ್ಚಿಕೊಳ್ಳದೆ, 2001ರಲ್ಲಿ ಅಂಗೋಲಾ ಮತ್ತು ಐವರಿ ಕೋಸ್ಟ್‌ಗಳ ನಿರಾಶ್ರಿತ ಶಿಬಿರಗಳಲ್ಲಿ ತಾನೇ ಆಟದ ಕಾರ್ಯಕ್ರಮ ನಡೆಸಲಾರಂಭಿಸಿತು; ರೈಟ್ ಟು ಪ್ಲೇ ಎಂಬ ಇಂದಿನ ಹೆಸರು ಪಡೆದು, ಸ್ಥಳೀಯ ಶಿಕ್ಷಕರನ್ನೂ ತರಬೇತುದಾರರನ್ನೂ ಅಣಿಗೊಳಿಸುವುದನ್ನು ಮುಖ್ಯ ಕೆಲಸವಾಗಿಸಿಕೊಂಡಿತು. ಆದ್ದರಿಂದ ನೀವು ಯಾವುದೇ ಶಾಲೆಗೆ ಹೊರಡುವ ಮುನ್ನ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರದಲ್ಲಿ, ಎಷ್ಟು ಚೆಂಡು ಬೇಕೆಂದು ಕೇಳುವ ಮೊದಲು, ಸಾಮಾನಿನ ಬೀರುವಿನ ಕೀಲಿ ಯಾರ ಬಳಿ ಇರುತ್ತದೆ, ಶಾಲೆ ಬಿಟ್ಟ ಮೇಲೆ ಮಕ್ಕಳೊಡನೆ ಬಯಲಿನಲ್ಲಿ ನಿಲ್ಲುವ ಮೇಷ್ಟ್ರು ಯಾರು ಎಂದು ಕೇಳಿ.