ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು: ಮನೆ ವೈರಿಂಗ್‌ಗೆ ಪರ್ಮಿಟ್ ಯಾವಾಗ ಬೇಕು?

ಈ ನಲ್ಲಿ ನೋಡಿ. ತುಮಕೂರಿನ ನಮ್ಮ ಮನೆಯ ಬಾತ್‌ರೂಮಿನದು. ಗೀಸರ್ ಹಾಕಿದ್ದಾಗ ಅಮ್ಮ ಇದನ್ನು ಬರಿಗಾಲಲ್ಲಿ ಮುಟ್ಟುತ್ತಲೇ ಇರಲಿಲ್ಲ. ಬಾಗಿಲ ಹತ್ತಿರ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟುಕೊಂಡಿದ್ದರು. ಯಾಕಮ್ಮಾ ಅಂತ ಕೇಳಿದರೆ, "ಏನಿಲ್ಲ ಕಣೋ, ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ" ಅಂದರು. ಎಷ್ಟು ದಿನದಿಂದ ಅಂದರೆ, ಹೋದ ದೀಪಾವಳಿಯಿಂದಲಂತೆ. ನನಗೆ ಕೈಕಾಲೇ ಆಡಲಿಲ್ಲ.

ಇವತ್ತಿನ ವ್ಲಾಗ್ ಪೂರ್ತಿ ಇದರ ಬಗ್ಗೆಯೇ. ಮನೆಯ ಕರೆಂಟ್ ಕೆಲಸಕ್ಕೆ ಪರ್ಮಿಟ್ ಯಾವಾಗ ಬೇಕು, ಯಾವಾಗ ಬೇಡ.

ಮೂರು ವರ್ಷದಲ್ಲಿ ನಮ್ಮ ಮನೆಗೆ ಗೀಸರ್ ಬಂತು, ಇಂಡಕ್ಷನ್ ಒಲೆ ಬಂತು, ಅಪ್ಪನ ರೂಮಿಗೆ ಎಸಿ ಬಂತು. ಪ್ರತಿ ಸಲವೂ ಪರಿಚಯದ ಒಬ್ಬರು ಬಂದು, ಗೋಡೆ ಕೊರೆದು, ಒಂದು ಪಾಯಿಂಟ್ ಎಳೆದು, ಸಂಜೆಯೊಳಗೆ ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಲೈಸೆನ್ಸ್ ಇದೆಯಾ ಅಂತ ನಾವು ಕೇಳಲಿಲ್ಲ. ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ನಿಯಮ ಮಾತ್ರ ಬಹಳ ಹಳೆಯದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದವು, ಆದರೆ ನಾನೀಗ ಹೇಳುವ ಮಾತು 1956ರ ನಿಯಮಗಳಲ್ಲೂ ಇತ್ತು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಕೆಟ್ಟರೆ ಅಂಥದ್ದೇ ಇನ್ನೊಂದು ಹಾಕಿಕೊಳ್ಳಬಹುದು. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಅದರಿಂದ ವೈರಿಂಗ್‌ನ ಸಾಮರ್ಥ್ಯ, ಸ್ವರೂಪ ಬದಲಾಗಬಾರದು, ಅಷ್ಟೇ. ಅದನ್ನು ಬಿಟ್ಟು ಹೊಸ ವೈರಿಂಗ್ ಇರಲಿ, ಒಂದು ಪಾಯಿಂಟ್ ಜಾಸ್ತಿ ಮಾಡುವುದಿರಲಿ, ಹಳೆಯದನ್ನು ರಿಪೇರಿ ಮಾಡುವುದಿರಲಿ, ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕವೇ ಆಗಬೇಕು. ನಿಂತು ಮಾಡಿಸುವವರಿಗೆ ಸೂಪರ್‌ವೈಸರ್ ಅರ್ಹತೆ ಇರಬೇಕು, ವೈರ್ ಎಳೆಯುವವರ ಹತ್ತಿರ ವೈರ್‌ಮನ್ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ.

ಅಂದರೆ ನಮ್ಮಲ್ಲಿ ಪರ್ಮಿಟ್ ಇರಬೇಕಾದದ್ದು ಕೆಲಸ ಮಾಡುವವರ ಹತ್ತಿರ. ಮನೆಯವರು ಅನುಮತಿ ಕೇಳಬೇಕಾದದ್ದು ಕರೆಂಟ್ ಆಫೀಸಿನಲ್ಲಿ. ಈಗ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಅಂತೆಲ್ಲ ಆಗಿದ್ದರೂ ಅಪ್ಪ ಇನ್ನೂ ಕೆಇಬಿ ಅಂತಲೇ ಅನ್ನುತ್ತಾರೆ. ಲೋಡ್, ಅಂದರೆ ಮನೆಯ ಸಾಮಾನೆಲ್ಲ ಸೇರಿ ಎಳೆಯುವ ಕರೆಂಟ್ ಜಾಸ್ತಿಯಾದರೆ, ಸಿಂಗಲ್ ಫೇಸ್ ಹೋಗಿ ತ್ರೀ ಫೇಸ್ ಬೇಕಾದರೆ, ಮೀಟರ್ ಜಾಗ ಬದಲಾದರೆ, ಮನೆಯ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ, ಅಲ್ಲಿ ಅರ್ಜಿ ಕೊಡಲೇಬೇಕು.

ಈಗ ಈ ಬಾಕ್ಸ್ ಒಳಗೆ ನೋಡಿ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಒಬ್ಬರನ್ನು ಹುಡುಕಿ ಕರೆಸಿದೆ. ಅವರು ಮೊದಲು ಬಿಚ್ಚಿದ್ದು ಗೀಸರ್ ಪಾಯಿಂಟ್. ಹಸಿರು ವೈರ್ ಸುತ್ತಿ ಒಳಗೆ ತುರುಕಿಟ್ಟಿದ್ದಾರೆ, ಕಾಣುತ್ತಿದೆಯಾ? ಅದು ಅರ್ಥಿಂಗ್ ವೈರ್. ಎಲ್ಲಿಗೂ ಸೇರಿಸಿಲ್ಲ. ಗೀಸರ್ ಕಾಯಿಲ್ ಹಳೆಯದಾಗಿ ಕರೆಂಟ್ ಸೋರುತ್ತಿತ್ತು, ಭೂಮಿಗೆ ಇಳಿಯಲು ದಾರಿ ಇಲ್ಲದೆ ನೀರು, ಪೈಪು, ನಲ್ಲಿಯ ಮೂಲಕ ಅಮ್ಮನ ಕೈಗೆ ಬರುತ್ತಿತ್ತು. "ಅಮ್ಮಾ, ಆ ಚಪ್ಪಲಿಯಿಂದ ಉಳಿದುಕೊಂಡಿದ್ದೀರಿ" ಅಂದರು ಕಂಟ್ರಾಕ್ಟರ್. ಅಮ್ಮ ಏನೂ ಮಾತಾಡಲಿಲ್ಲ.

ಅಡುಗೆಮನೆಯಲ್ಲೂ ಇದೇ ಕಥೆ. ಲೈಟಿಗೆ ಅಂತ ಎಳೆದಿದ್ದ ಸಣ್ಣ ವೈರಿನಿಂದಲೇ 16 ಆಂಪ್ ಸಾಕೆಟ್ ಕೊಟ್ಟಿದ್ದರು. ಅದರಲ್ಲಿ ದಿನಾ ಇಂಡಕ್ಷನ್ ಒಲೆ ಉರಿಯುತ್ತಿತ್ತು. ವೈರ್ ತುದಿ ಕಾದು ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಪುಡಿಯಾಗುತ್ತದೆ.

ಇನ್ನು ಲೋಡ್. ನಿಮ್ಮ ಬಿಲ್ ತೆಗೆದು ನೋಡಿ. ಆರ್‌ಆರ್ ನಂಬರ್ ಇರುವ ಬಿಲ್‌ನಲ್ಲೇ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ನಮ್ಮದು 2 ಇತ್ತು, ಅಪ್ಪ ಮನೆ ಕಟ್ಟಿದಾಗ ತೆಗೆದುಕೊಂಡದ್ದು. ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ. ಅದರ ಮೇಲೆ ಇಂಡಕ್ಷನ್, ಎಸಿ, ನೀರಿನ ಮೋಟರ್. ಬೆಳಿಗ್ಗೆ ಏಳು ಗಂಟೆಗೆ ಎಲ್ಲವೂ ಒಟ್ಟಿಗೆ ಓಡುತ್ತವೆ. ಲೋಡ್ ಜಾಸ್ತಿ ಮಾಡಿಸಿದರೆ ಪ್ರತಿ ಕಿಲೋವ್ಯಾಟಿಗೆ ತಿಂಗಳ ನಿಗದಿತ ಶುಲ್ಕ ಏರುತ್ತದೆ, ಡಿಪಾಸಿಟ್ ಕಟ್ಟಬೇಕು, ಅದಕ್ಕೇ ಎಲ್ಲರೂ ಸುಮ್ನೆ ಇರುತ್ತಾರೆ. ನಾವೂ ಹಾಗೇ ಇದ್ದೆವು. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಹಾಕುವವರು ಲೆಕ್ಕ ಹಾಕುವುದು ನಾವು ಹೇಳಿದ ಲೋಡ್ ನೋಡಿಯೇ ಅಲ್ವಾ? ಬೀದಿಯ ಹತ್ತು ಮನೆಯವರೂ 2 ಅಂತ ಬರೆಸಿ 6 ಎಳೆದರೆ, ಬೇಸಿಗೆಯಲ್ಲಿ ಅದು ಸುಟ್ಟಾಗ ಕತ್ತಲಲ್ಲಿ ಕೂರುವವರೂ ನಾವೇ.

ಬೇರೆ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಮನೆಯ ಮುಂದಿನ ರೂಮಿನಲ್ಲಿ ಅಂಗಡಿ ತೆರೆದರೆ ಮನೆ ದರದ ಕರೆಂಟ್ ಬಳಸುವ ಹಾಗಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ ನಿಮ್ಮ ಮೀಟರಿನಿಂದ ವೈರ್ ಎಳೆದುಕೊಟ್ಟರೂ ತಪ್ಪೇ, ಅವರು ಟೆಂಪರರಿ ಕನೆಕ್ಷನ್ ತೆಗೆದುಕೊಳ್ಳಬೇಕು. ಇವೆರಡೂ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಅಡಿ ಅನಧಿಕೃತ ಬಳಕೆ. ಎರಡು ಪಟ್ಟು ದರ ಹಾಕುತ್ತಾರೆ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ. 15 ಮೀಟರಿಗಿಂತ ಎತ್ತರದ ಅಪಾರ್ಟ್‌ಮೆಂಟ್ ಆದರೆ ವಿದ್ಯುತ್ ಪರಿವೀಕ್ಷಕರಿಗೂ ಮೊದಲೇ ತಿಳಿಸಬೇಕು.

ಸೋಲಾರ್ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ ಅಂತ ಎಲ್ಲರಿಗೂ ಗೊತ್ತು. ಅರ್ಜಿ ಹಾಕದೆ, ಆಫೀಸಿನವರು ನೋಡದೆ, ಲೈನಿಗೆ ಹೋದ ಕರೆಂಟ್, ಲೈನಿನಿಂದ ಬಂದ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಇಲ್ಲದೆ ಲೈನಿಗೆ ಸೇರಿಸಿದರೆ ಸಬ್ಸಿಡಿ ಸಿಗುವುದಿಲ್ಲ ಅನ್ನುವುದು ಸಣ್ಣ ವಿಷಯ. ಕರೆಂಟ್ ಹೋದಾಗ ನಿಮ್ಮ ಸೋಲಾರ್ ತಾನಾಗಿ ನಿಲ್ಲದಿದ್ದರೆ, ಲೈನ್ ಆಫ್ ಆಗಿದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ. ಜನರೇಟರ್ ಇಟ್ಟುಕೊಂಡವರಿಗೂ ಇದೇ ಮಾತು, ಒಂದು ಸಲಕ್ಕೆ ಲೈನ್ ಇಲ್ಲವೇ ಜನರೇಟರ್ ಒಂದನ್ನೇ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಲೈನಿಗೆ ಕೊಡಬೇಡಿ. ಆ ಲೈನ್‌ಮನ್‌ಗೂ ಮನೆಯಲ್ಲಿ ಕಾಯುವವರು ಇರುತ್ತಾರೆ.

ನಮ್ಮ ಮನೆಯಲ್ಲಿ ಕೆಲಸ ನಾಲ್ಕು ದಿನ ಹಿಡಿಯಿತು. ಇದು ಹಿತ್ತಲಿನಲ್ಲಿ ತೋಡಿದ ಹೊಸ ಅರ್ಥಿಂಗ್ ಗುಂಡಿ. ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿದ್ದಾರೆ. ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ಗೀಸರ್, ಎಸಿ, ಇಂಡಕ್ಷನ್‌ಗೆ ಬೇರೆ ಬೇರೆ ದಪ್ಪ ವೈರ್, ಒಂದೊಂದಕ್ಕೂ ಒಂದೊಂದು ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್. ಇವರ ಕೈಯಲ್ಲಿರುವುದು ಮೆಗ್ಗರ್, ವೈರಿನ ಇನ್ಸುಲೇಷನ್ ಸರಿ ಇದೆಯಾ ಅಂತ ನೋಡುವ ಮೀಟರ್. ಇದನ್ನೆಲ್ಲ ಅಳೆದು, ಬರೆದು, ಸಹಿ ಹಾಕಿ ಕಂಪ್ಲೀಷನ್ ರಿಪೋರ್ಟ್ ಕೊಟ್ಟರು. ಆ ರಿಪೋರ್ಟ್ ಇಟ್ಟೇ 6 ಕಿಲೋವ್ಯಾಟಿಗೆ ಅರ್ಜಿ ಹಾಕಿದೆ. ಕೆಲಸ ಕೊಡುವ ಮೊದಲೇ ಲೈಸೆನ್ಸ್ ಕಾಪಿ ಕೇಳಿ ಇಟ್ಟುಕೊಳ್ಳಿ, ಅದರ ಅವಧಿ ಮುಗಿದಿದೆಯಾ ಅಂತಲೂ ನೋಡಿ. ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ, ಮೀಟರಿನ ಸೀಲ್ ಮಾತ್ರ ಯಾರಿಂದಲೂ ಬಿಚ್ಚಿಸಬೇಡಿ, ಅದು ಕರೆಂಟ್ ಆಫೀಸಿನವರ ಕೆಲಸ.

ಇದು ಆರ್‌ಸಿಸಿಬಿ, 30 ಮಿಲಿಆಂಪ್‌ನದು. ಅಷ್ಟು ಕರೆಂಟ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುತ್ತದೆ. ಇದರ ಮೇಲೆ ಟಿ ಅಂತ ಒಂದು ಬಟನ್ ಇದೆ. ಕಂಟ್ರಾಕ್ಟರ್ ಅಮ್ಮನ ಕೈಯಿಂದಲೇ ಒತ್ತಿಸಿದರು. ಟಕ್ ಅಂತ ಮನೆಯೆಲ್ಲ ಆಫ್ ಆಯಿತು. "ಪ್ರತಿ ತಿಂಗಳು ಹೀಗೆ ಒಂದು ಸಲ ಒತ್ತಿ ನೋಡಿ ಅಮ್ಮಾ" ಅಂದರು.

ಆಮೇಲೆ ಗೀಸರ್ ಹಾಕಿದೆವು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಮೊದಲು ಬೆರಳ ಹಿಂಬದಿಯಿಂದ ನಲ್ಲಿಯನ್ನು ಒಮ್ಮೆ ತಾಗಿಸಿ ನೋಡಿದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಪೂರ್ತಿ ತಿರುಗಿಸಿದರು.