ಅಡುಗೆಮನೆ ಮೇಲಕ್ಕೆ ಬಂದಿದ್ದು

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಕೊರಿಯಾದ ಸಿಯೋಲ್ ನಗರದ ಹಳೆಯ ಕೇರಿ ಬುಕ್‌ಚೋನ್‌ನ ಫೋಟೊಗಳನ್ನು ಬೇಕಾದಷ್ಟು ನೋಡಿದ್ದೀರಿ. ಕಪ್ಪು ಹೆಂಚು, ಬಾಗಿದ ಸೂರು, ಏರುಗಲ್ಲಿ. ಹನೋಕ್ ಅಂದರೆ ಕೊರಿಯಾದ ಸಾಂಪ್ರದಾಯಿಕ ಮನೆ, ಅದನ್ನು ನಾನು ಮತ್ತೆ ಮೊದಲಿಂದ ಶುರು ಮಾಡುವುದಿಲ್ಲ. ಊಟಕ್ಕೆ ಮುಂಚೆ ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಬಂದು ಕೇಳಿದರು: "ಕಿಟಕಿಗೆ ಎರಡು ಪದರ ಗಾಜು, ಒಳಗೇ ಬಚ್ಚಲು, ನೆಲದಡಿ ಪೈಪು. ಇಷ್ಟೆಲ್ಲ ಮಾಡಿದ ಮೇಲೆ ಅದು ಹನೋಕ್ ಆಗಿ ಉಳಿಯುತ್ತಾ ಸಾರ್?" ಬರೆದುಕೊಂಡು ಬಂದಿದ್ದು ಇರಲಿ, ಇವತ್ತು ಇದಕ್ಕೇ ಉತ್ತರ ಹೇಳುತ್ತೇನೆ. ಉಳಿಯುತ್ತೆ ಅಮ್ಮಾ. ಹನೋಕ್ ಬದಲಾಗಿದ್ದಕ್ಕೇ ಇಷ್ಟು ದಿನ ಉಳಿದಿದೆ.

ಬುಕ್‌ಚೋನನ್ನೇ ತೆಗೆದುಕೊಳ್ಳಿ. ಎರಡು ಅರಮನೆಗಳ ನಡುವಿನ ಜಾಗ, ಹಳೆಯ ದೊಡ್ಡ ಮನೆತನಗಳ ಕೇರಿ. ಅಷ್ಟು ನಿಜ. ಆದರೆ ನೀವು ಫೋಟೊದಲ್ಲಿ ನೋಡಿದ ಒತ್ತೊತ್ತು ಮನೆಗಳಲ್ಲಿ ಬಹಳಷ್ಟು 1930ರ ದಶಕದವು. ಅವುಗಳ ಹಿಂದೆ ಇದ್ದವರು ಜಂಗ್ ಸೆ-ಗ್ವನ್ ಅನ್ನುವ ಬಿಲ್ಡರ್. ಇವರ ಕತೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆಗ ಕೊರಿಯಾ ಜಪಾನಿನ ಕೈಯಲ್ಲಿತ್ತು. ಸಿಯೋಲ್‌ನ ದಕ್ಷಿಣಕ್ಕೆ ನೆಲೆಸಿದ್ದ ಜಪಾನೀಯರು ಚೊಂಗ್ಯೆಚೊನ್ ಹೊಳೆ ದಾಟಿ ಉತ್ತರಕ್ಕೂ ಬರತೊಡಗಿದ್ದರು. ಸೆ-ಗ್ವನ್ ದೊಡ್ಡ ದೊಡ್ಡ ಹಿತ್ತಲುಗಳನ್ನು ಕೊಂಡು, ಚಿಕ್ಕ ಚಿಕ್ಕ ಸೈಟು ಮಾಡಿ, ಸಾಲಾಗಿ ಹನೋಕ್ ಕಟ್ಟಿ ಕೊರಿಯನ್ನರಿಗೆ ಮಾರಿದರು. ಗಂಡಸರ ಮನೆ, ಹೆಂಗಸರ ಮನೆ ಅಂತ ಬೇರೆ ಬೇರೆ ಇದ್ದದ್ದು ಒಂದೇ ಅಂಗಳದ ಸುತ್ತ ಬಂತು. ತೆರೆದೇ ಇರುತ್ತಿದ್ದ ಮರದ ಹಜಾರಕ್ಕೆ ಗಾಜಿನ ಬಾಗಿಲು ಬಂತು. ಸೂರಿಗೆ ಮಳೆನೀರು ಹರಿಯುವ ತಗಡಿನ ದೋಣಿ ಬಂತು. ಇವತ್ತು ನಾವು ಪರಂಪರೆ ಅಂತ ಫೋಟೊ ತೆಗೆಯುವುದು ಆ ಕಾಲದ ಹೊಸ ಮನೆಯನ್ನು! ಇನ್ನೂ ಒಂದು ಮಾತಿದೆ. ಇದೇ ಮನುಷ್ಯ ಕೊರಿಯನ್ ನಿಘಂಟು ಮಾಡುತ್ತಿದ್ದ ಭಾಷಾ ಸಂಘಕ್ಕೆ ಒಂದು ಕಟ್ಟಡವನ್ನೇ ದಾನ ಕೊಟ್ಟರು. 1942ರಲ್ಲಿ ಆ ಸಂಘದ ಮೇಲೆ ಪೊಲೀಸರು ಮುಗಿಬಿದ್ದಾಗ ಇವರೂ ಹಿಂಸೆ ಅನುಭವಿಸಿದರು, ಆಸ್ತಿ ಕಳೆದುಕೊಂಡರು. ಜನ ಊರಿನಲ್ಲಿ ಉಳಿಯಬೇಕು, ಮಾತು ಬಾಯಲ್ಲಿ ಉಳಿಯಬೇಕು. ಅವರಿಗೆ ಎರಡೂ ಒಂದೇ ಕೆಲಸ ಆಗಿತ್ತು ಅಂತ ನಾನು ನಂಬಿದ್ದೇನೆ.

ಸರಿ, ಈಗ ಅಡುಗೆಮನೆ. ಹನೋಕ್‌ನ ಜೀವ ಇರುವುದು ನೆಲದಲ್ಲಿ, ಅದು ನಿಮಗೆ ಗೊತ್ತು. ಒಲೆಯ ಬೆಂಕಿ, ಹೊಗೆ ಕೋಣೆಯ ಕೆಳಗೆ ಹಾಸಿದ ಕಲ್ಲುಗಳ ಅಡಿಯಲ್ಲಿ ಹರಿದು ಆ ಕಡೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದೇ ಒಂದೋಲ್. ಬೆಂಕಿ ನೆಲಕ್ಕಿಂತ ಕೆಳಗಿರಬೇಕು, ಹಾಗಾಗಿ ಅಡುಗೆಮನೆಯೂ ತಗ್ಗಿನಲ್ಲಿ. ಅಂದರೆ ಏನು? ಮನೆಯ ಹೆಂಗಸು ಮೂರು ಹೊತ್ತೂ ಊಟದ ಪುಟ್ಟ ಮೇಜನ್ನು ಅನ್ನ, ಸಾರು ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ತಗ್ಗಿನಿಂದ ಹತ್ತಬೇಕು. ಚಳಿಗಾಲದಲ್ಲಿ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಒಂದೋಲ್ ಎಷ್ಟು ಜಾಣತನದ್ದು ಅಂತ ಎಲ್ಲರೂ ಹೊಗಳುತ್ತೇವೆ, ಹತ್ತಿ ಇಳಿದವರ ಮೊಣಕಾಲನ್ನು ಯಾರೂ ಕೇಳುವುದಿಲ್ಲ. ಆಮೇಲೆ ಸೌದೆ ಹೋಗಿ ಕಲ್ಲಿದ್ದಲ ಬಿಲ್ಲೆ ಬಂತು. ನೆಲದ ಬಿರುಕಿನಿಂದ ವಿಷದ ಗಾಳಿ ಒಳಗೆ ಬಂದು, ಮಲಗಿದವರು ಮಲಗಿದಲ್ಲೇ ತೀರಿಕೊಂಡರು. ಎಷ್ಟೋ ಮನೆಗಳಲ್ಲಿ ಹೀಗಾಯಿತು. ಅದಾದ ಮೇಲೆ ಬಾಯ್ಲರ್ ಬಂತು, ನೆಲದಡಿ ಬಿಸಿನೀರಿನ ಪೈಪು ಬಂತು. ಬೆಂಕಿಯ ಹಂಗು ತಪ್ಪಿತು. ಅಡುಗೆಮನೆ ಮೇಲಕ್ಕೆ ಬಂದು ಹಜಾರದ ಸಮಕ್ಕೆ ನಿಂತಿತು.

ನನ್ನ ಕೇಳಿದರೆ ಹನೋಕ್‌ಗೆ ಆದ ರಿಪೇರಿಗಳಲ್ಲೆಲ್ಲ ಇದೇ ದೊಡ್ಡದು. ಇದನ್ನು ಅಪಚಾರ ಅನ್ನುವವರು ಒಂದು ವಾರ ಆ ಮೇಜು ಹೊತ್ತು ನೋಡಲಿ.

ಇನ್ನು ಪಾಯಿಖಾನೆ. ಪಾಯಿಖಾನೆ, ಹೆಂಡತಿಯ ತವರು ಎರಡೂ ದೂರ ಇದ್ದಷ್ಟೂ ಒಳ್ಳೆಯದು ಅಂತ ಅಲ್ಲೊಂದು ಗಾದೆ ಇದೆ. (ಮುಂದಿನ ಸಾಲಿನಲ್ಲಿ ಅಳಿಯಂದಿರು ನಗುತ್ತಿದ್ದಾರೆ!) ಈಗ ಪಾಯಿಖಾನೆ ಒಳಗೆ ಬಂದಿದೆ. ತವರಿನವರೂ ಬರುತ್ತಾರೆ, ಬರಲಿ.

ಹಾಗಾದರೆ ಏನು ಬೇಕಾದರೂ ಬದಲಿಸಬಹುದಾ? ಇಲ್ಲ. ಒಂದು ವಿಷಯದಲ್ಲಿ ನಾನು ಹಟಮಾರಿ. ಅಂಗಳ ಮುಚ್ಚಬೇಡಿ. ಸಿಯೋಲ್‌ನದೇ ಇನ್ನೊಂದು ಹನೋಕ್ ಕೇರಿ ಇಕ್ಸೊನ್-ದೊಂಗ್‌ನಲ್ಲಿ ಕೆಫೆಯವರು ಅಂಗಳದ ಮೇಲೆ ಗಾಜು ಹಾಕಿ ಟೇಬಲ್ ಇಟ್ಟಿದ್ದಾರೆ. ನೋಡೋಕೆ ಚಂದ. ಆದರೆ ಆ ಅಂಗಳ ಸುಮ್ನೆ ಖಾಲಿ ಬಿಟ್ಟಿದ್ದಲ್ಲ. ಮರಗಿಡ ಇಲ್ಲದ ಬಿಳಿ ಮರಳು ಮಣ್ಣು ಬಿಸಿಲನ್ನು ಸೂರಿನ ಅಡಿಗೆ, ಕೋಣೆಯ ಒಳಗೆ ಎಸೆಯುತ್ತದೆ. ಬೇಸಿಗೆಯಲ್ಲಿ ಅಂಗಳ ಕಾದು ಬಿಸಿಯಾಗುತ್ತದೆ, ಗಾಳಿ ಮೇಲೇಳುತ್ತದೆ, ಹಿತ್ತಲ ಗಿಡಗಳ ತಂಪು ಗಾಳಿ ಹಜಾರದ ಮೂಲಕ ಈಚೆ ಬರುತ್ತದೆ. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ತಲೆಯ ಮೇಲೆ ಆಕಾಶ ಇರುವುದು ಏನು ಅಂತ ಹೇಳಬೇಕಾಗಿಲ್ಲ. ಪೈಪು ಹಾಕಿ, ಗಾಜು ಹಾಕಿ, ಬಚ್ಚಲು ಒಳಗೆ ತನ್ನಿ. ಆಕಾಶ ಮಾತ್ರ ಬಿಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಹೆಂಚಿನ ಅಡಿಯ ಮಣ್ಣಿನ ಭಾರ ಇಳಿಸುವ ಬಗ್ಗೆ ಹೇಳಬೇಕಿತ್ತು, ಅದನ್ನು ಬಿಡೋಣ. ಕಿಟಕಿ: ಹೊರಗೆ ಗಾಜು, ಒಳಗೆ ಹಾಂಜಿ, ಅಂದರೆ ಕೊರಿಯಾದ ಸಾಂಪ್ರದಾಯಿಕ ಕಾಗದ. ಬೆಳಕು ಹಾಗೇ ಇರುತ್ತದೆ, ಚಳಿ ನಿಲ್ಲುತ್ತದೆ. ದುಡ್ಡು: ಸಿಯೋಲ್ ನಗರಾಡಳಿತ 2001ರಿಂದ ಬುಕ್‌ಚೋನ್‌ನಲ್ಲಿ ಹನೋಕ್ ನೋಂದಾಯಿಸಿದವರಿಗೆ ರಿಪೇರಿಗೆ ನೆರವು ಕೊಟ್ಟಿತು. ಅಲ್ಲಿ ವಾಸ ಮಾಡುವವರಿಗೆ ಈಗ ಪ್ರವಾಸಿಗರ ಕಾಟ ಜಾಸ್ತಿ. ಎಷ್ಟು ಅಂದರೆ, ಕೆಲವು ಗಲ್ಲಿಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರು ಕಾಲಿಡುವ ಹಾಗಿಲ್ಲ. ಒಳ್ಳೆಯ ಕೆಲಸ. ಜನ ಇರದ ಮನೆಗೆ ಎಷ್ಟು ರಿಪೇರಿ ಮಾಡಿ ಏನು?

ಕೊನೆಗೆ ಒಬ್ಬ ಅಜ್ಜಿಯ ವಿಷಯ ಹೇಳಿಬಿಡುತ್ತೇನೆ. ಒಂದು ಚಳಿಗಾಲ ನಾನು ಹನೋಕ್ ಒಂದರಲ್ಲಿ ಬಾಡಿಗೆಗೆ ಇದ್ದೆ. ಮನೆಯ ಅಜ್ಜಿ ಚಿಕ್ಕವರಿದ್ದಾಗ ಒಲೆಗೆ ಹತ್ತಿರದ ನೆಲ ಎಲ್ಲಕ್ಕಿಂತ ಜಾಸ್ತಿ ಬೆಚ್ಚಗಿರುತ್ತಿತ್ತಂತೆ. ಆರೆತ್‌ಮೋಕ್ ಅನ್ನುತ್ತಾರೆ ಅದಕ್ಕೆ. ಎಣ್ಣೆ ಹಚ್ಚಿದ ನೆಲದ ಕಾಗದ ಅಲ್ಲಿ ಮಾತ್ರ ಕಂದಿ ಕಪ್ಪಾಗಿರುತ್ತಿತ್ತು. ತಡವಾಗಿ ಬರುವವರ ಅನ್ನದ ಬಟ್ಟಲನ್ನು ಮುಚ್ಚಿ ಅಲ್ಲೇ ರಜಾಯಿಯ ಕೆಳಗೆ ಇಡುತ್ತಿದ್ದರು. ಈಗ ಪೈಪಿನ ನೆಲ. ಎಲ್ಲ ಕಡೆಯೂ ಒಂದೇ ಬಿಸಿ. ಅಡುಗೆಮನೆಯಲ್ಲಿ ಕರೆಂಟಿನ ಕುಕ್ಕರ್ ಅನ್ನವನ್ನು ಇಡೀ ರಾತ್ರಿ ಬಿಸಿಯಾಗಿ ಇಡುತ್ತದೆ. ಆದರೂ ನಾನು ಒಂದು ರಾತ್ರಿ ಹನ್ನೊಂದಕ್ಕೆ ಬಂದಾಗ ನನ್ನ ಬಟ್ಟಲು ಆ ಮೂಲೆಯಲ್ಲೇ ಇತ್ತು, ರಜಾಯಿಯ ಕೆಳಗೆ. ಮುಚ್ಚಳ ತೆಗೆದೆ. ಅನ್ನದಿಂದ ಹಬೆ ಬಂತು.