ಚಂದ್ರನಿಗೆ ಹೋದ ಯಂತ್ರದ ಐದಂಕಿ ಮಾತು

ಕೇಳುಗರಿಗೆ ನಮಸ್ಕಾರ.

ಒಂದು ಪೆನ್ಸಿಲ್, ಒಂದು ಚೂರು ಕಾಗದ ತೆಗೆದುಕೊಳ್ಳಿ. ಮೂರು ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳಿ. 30050. ಅದರ ಕೆಳಗೆ 60051. ಕೊನೆಗೆ 54052.

ಇವು ಅಪೊಲೊ ಗೈಡೆನ್ಸ್ ಕಂಪ್ಯೂಟರಿಗೆ ಅರ್ಥವಾಗುವ ಆಜ್ಞೆಗಳು. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿಯುವಾಗ ದಾರಿ ಲೆಕ್ಕ ಹಾಕುತ್ತಿದ್ದ ಯಂತ್ರ ಅದು. ಈ ಮೂರು ಸಾಲು ನಿಮಗಾಗಿ ನಾನು ಬರೆದದ್ದು. ಓದುವ ನಿಯಮ ಮಾತ್ರ ಆ ಯಂತ್ರದ್ದೇ.

ಆ ಯಂತ್ರ ಒಂದು ಸಲಕ್ಕೆ ಓದುವ ತುಣುಕಿಗೆ ಪದ ಎನ್ನುತ್ತಾರೆ. ಅದರ ಒಂದು ಪದದಲ್ಲಿ 15 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಆಗಿರುವ 15 ಗುರುತು. ತಪ್ಪು ಹಿಡಿಯಲು ಇನ್ನೊಂದು. ಮೂರು ಮೂರು ಬಿಟ್ಟಿಗೆ ಒಂದು ಅಂಕಿ ಬರೆದರೆ ಐದು ಅಂಕಿ. ಮೂರು ಬಿಟ್ಟಿನಲ್ಲಿ 0ಯಿಂದ 7ರವರೆಗೆ ಮಾತ್ರ ಬರೆಯಬಹುದು, ಹಾಗಾಗಿ 8 ಮತ್ತು 9 ಎಲ್ಲೂ ಬರುವುದಿಲ್ಲ. ಮೊದಲ ಅಂಕಿ ಏನು ಮಾಡಬೇಕು ಎನ್ನುತ್ತದೆ, ಉಳಿದ ನಾಲ್ಕು ವಿಳಾಸ.

3 ಅಂದರೆ ತೆಗೆದುಕೋ. ನೆನಪಿನ 50ನೇ ಮನೆಯಲ್ಲಿರುವ, ಅಂದರೆ 50 ಎಂಬ ವಿಳಾಸದ ಜಾಗದಲ್ಲಿರುವ ಸಂಖ್ಯೆ ತೆಗೆದುಕೋ. 6 ಅಂದರೆ ಕೂಡು. 51ರಲ್ಲಿ ಇರುವುದನ್ನು ಕೂಡು. ಸುಲಭ, ಅಲ್ವಾ?

ಮೂರನೆಯದು 54052. ಮೊದಲು 5, ಹಾಗಾದರೆ ವಿಳಾಸ 4052 ಅನ್ನಿಸುತ್ತದೆ. ಅಲ್ಲ. ಇಲ್ಲಿಗೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆ ಯಂತ್ರದ ಕಾರ್ಯಕ್ರಮಗಳು, ಅಂದರೆ ಆಜ್ಞೆಗಳ ಸಾಲುಗಳು, ಇದ್ದದ್ದು ತಂತಿಯಲ್ಲಿ. ಅಮೆರಿಕದ ವಾಲ್ಥಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಕೈಯಾರೆ ನೇಯುತ್ತಿದ್ದರು. ಪುಟ್ಟ ಕಾಂತದ ಬಳೆಯ ಒಳಗೆ ತಂತಿ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಹೀಗೆ 36,864 ಪದಗಳು. ನೇಯ್ದದ್ದನ್ನು ಯಂತ್ರ ಓದಬಹುದು, ಅಲ್ಲಿ ಬರೆಯಲಾಗದು. ಬರೆದು ಅಳಿಸಲು ಇದ್ದ ಜಾಗ ಬರೀ 2,048 ಪದ. ಅದರ ವಿಳಾಸಕ್ಕೆ, ಜಾಗವನ್ನು ಭಾಗಗಳಾಗಿ (ಬ್ಯಾಂಕ್) ಹಂಚಿ ಬೇಕಾದದ್ದನ್ನು ಆರಿಸುವ ಏರ್ಪಾಡೂ ಇದ್ದುದರಿಂದ, 10 ಬಿಟ್ ಸಾಕಿತ್ತು.

ವಿಳಾಸದ ನಾಲ್ಕು ಅಂಕಿಗೆ 12 ಬಿಟ್. ಅಂದರೆ ಬರೆಯುವ ಆಜ್ಞೆಗಳಲ್ಲಿ ವಿಳಾಸದ ಎರಡು ಬಿಟ್ ಸುಮ್ನೆ ಉಳಿಯುತ್ತವೆ. ಯಂತ್ರವನ್ನು ರೂಪಿಸಿದ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಎಂಜಿನಿಯರುಗಳು ಅದನ್ನೂ ಬಿಡಲಿಲ್ಲ. ಆ ಎರಡು ಬಿಟ್ಟಿನಿಂದ 5 ಎಂಬ ಒಂದೇ ಅಂಕಿಗೆ ನಾಲ್ಕು ಕೆಲಸ ಕೊಟ್ಟರು. ಕ ಅಕ್ಷರಕ್ಕೆ ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು ಆಗುತ್ತದಲ್ಲ, ಹಾಗೆ. ಐದರ ಪಕ್ಕ ನಾಲ್ಕಿದ್ದರೆ 'ಇಟ್ಟುಬಿಡು', ಆರಿದ್ದರೆ 'ಅದಲುಬದಲು ಮಾಡು'. ಆದ್ದರಿಂದ ನಮ್ಮ ಮೂರನೇ ಸಾಲು: ಬಂದ ಮೊತ್ತವನ್ನು 52ನೇ ಮನೆಯಲ್ಲಿ ಇಡು.

ಹೋಗುವ ಮುಂಚೆ ಇನ್ನೊಂದು ಪದ ಬರೆದುಕೊಳ್ಳಿ. 00002. ಮೊದಲ ಅಂಕಿ ಸೊನ್ನೆ ಅಂದರೆ ಆ ವಿಳಾಸಕ್ಕೆ ಹೋಗು. ಆದರೆ ಎರಡನೇ ಮನೆಯಲ್ಲಿ ಕಾರ್ಯಕ್ರಮವೇ ಇಲ್ಲ. ಯಂತ್ರ ಒಂದು ಕೆಲಸಕ್ಕೆಂದು ಬೇರೆಡೆ ಹೋಗುವಾಗ, ಮರಳಬೇಕಾದ ಜಾಗದ ವಿಳಾಸವನ್ನು ಅಲ್ಲಿ ಗುರುತು ಹಾಕಿರುತ್ತದೆ, ಅಷ್ಟೇ. ಈಗ ಆ ವಿಳಾಸವನ್ನೇ ಆಜ್ಞೆಯಂತೆ ಓದಿ. ವಿಳಾಸಕ್ಕೆ ನಾಲ್ಕೇ ಅಂಕಿ, ಹಾಗಾಗಿ ಐದಂಕಿಯಲ್ಲಿ ಬರೆದರೆ ಅದರ ಮೊದಲ ಅಂಕಿಯೂ ಸೊನ್ನೆ! ಅಂದರೆ ಅದೂ 'ಅಲ್ಲಿಗೆ ಹೋಗು' ಎಂದೇ ಹೇಳುತ್ತದೆ. ಯಂತ್ರ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಮರಳುತ್ತದೆ.